ಮೋಡ ಕವಿದ ಕ್ರಿಸ್ಮಸ್ ವಾರ: ಕಣದಲ್ಲಿ ಉಳಿದವರು

ಮಲೆನಾಡಿನವರಿಗೆ ಮೋಡವೆಂಬುದು ಹೊಸದಲ್ಲ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಸೂರ್ಯನ ಮುಖವನ್ನೇ ಸರಿಯಾಗಿ ಕಾಣದೆ ದಿನ ಕಳೆಯುವ ಜನ ನಾವು. ಶೃಂಗೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಕೊಪ್ಪದ ಪಾಲು ಸ್ವಲ್ಪ ಕಡಿಮೆ. ಪೂರ್ವಕ್ಕೆ ಸರಿದು ನರಸಿಂಹರಾಜಪುರವನ್ನು ಮುಟ್ಟುವ ಹೊತ್ತಿಗೆ ಇನ್ನೂ ಕಡಿಮೆ. ಇಷ್ಟಾದರೂ ಆಷಾಢದ ಕಾರ್ಮುಗಿಲಿಗೆ ಅಂಜದ ಮಲೆನಾಡಿಗನು ಡಿಸೆಂಬರಿನ ತೆಳು ಮೋಡಕ್ಕೆ ಅಂಜುತ್ತಾನೆ. ಆಷಾಢದ ಮೋಡ ಕರೆಸಿಕೊಂಡು ಬಂದ ನೆಂಟ. ಡಿಸೆಂಬರಿನ ಮೋಡವಾದರೋ ಹೇಳದೆ ಕೇಳದೆ ಬಂದು, ಮಳೆಯನ್ನೂ ಸುರಿಸದೆ, ಎದ್ದೂ ಹೋಗದೆ, ಜಗಲಿಯ ಮೇಲೆ ಕುಳಿತುಬಿಡುವ ಅಪರಿಚಿತ.

ನಮ್ಮ ಮೂರು ತಾಲ್ಲೂಕುಗಳ ಡಿಸೆಂಬರ್ ಸಾಮಾನ್ಯವಾಗಿ ಹೇಗಿರುತ್ತದೆಂಬುದನ್ನು ಇಲ್ಲಿ ಹುಟ್ಟಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ. ರಾತ್ರಿ ಆಕಾಶ ತೊಳೆದಿಟ್ಟ ಹರಿವಾಣದಂತೆ ಸ್ವಚ್ಛ. ಹಗಲಿನಲ್ಲಿ ಭೂಮಿ ಕುಡಿದ ಬಿಸಿಯೆಲ್ಲವೂ ತಡೆಯಿಲ್ಲದೆ ಮೇಲಕ್ಕೆ ಹೋಗಿಬಿಡುವುದರಿಂದ ಬೆಳಗಿನ ಜಾವಕ್ಕೆ ಕೈಕಾಲು ಮರಗಟ್ಟುವ ಚಳಿ. ತುಂಗೆ ಭದ್ರೆಯರ ಕಣಿವೆಗಳಲ್ಲಿ ಮಂಜು ಹಾಲಿನಂತೆ ನಿಂತಿರುತ್ತದೆ. ಎಂಟು ಗಂಟೆಯ ಹೊತ್ತಿಗೆ ಅದು ಕರಗಿ, ಒಂಬತ್ತಕ್ಕೆ ಚುರುಕು ಬಿಸಿಲು ಬಿದ್ದು, ಸಂಜೆ ಐದರವರೆಗೆ ಕಣಗಳ ಮೇಲೆ ನಿಲ್ಲುತ್ತದೆ. ಈ ಬಿಸಿಲೇ ಇಲ್ಲಿನ ಅರ್ಧ ಜೀವನ.

ನಾವು ಈಗ ಹೇಳಹೊರಟಿರುವುದು 2024ರ ಕ್ರಿಸ್ಮಸ್ ವಾರದ ವಿಷಯ. ಆ ವರ್ಷ ಡಿಸೆಂಬರ್ ತಿಂಗಳು ಆರಂಭವಾದದ್ದೇ ಫೆಂಗಲ್ ಚಂಡಮಾರುತದ ಹಿನ್ನೆಲೆಯಲ್ಲಿ. ನವೆಂಬರ್ 30ರ ರಾತ್ರಿ ಪುದುಚೇರಿಯ ಬಳಿ ಭೂಮಿಗೆ ತಗುಲಿದ ಆ ಚಂಡಮಾರುತ ಕ್ಷೀಣಿಸುತ್ತಾ ಪಶ್ಚಿಮಕ್ಕೆ ಸರಿದು ಕರ್ನಾಟಕದ ಮೇಲೂ ಹಾದುಹೋಯಿತು. ಅದರ ನೆನಪು ಮಾಸುವ ಮೊದಲೇ, ಕ್ರಿಸ್ಮಸಿಗೆ ಮುಂಚಿನ ವಾರದಲ್ಲಿ ಬಂಗಾಳ ಕೊಲ್ಲಿಯಲ್ಲಿ ಮತ್ತೊಂದು ವಾಯುಭಾರ ಕುಸಿತ. ಕೊಲ್ಲಿಯ ಈ ಡಿಸೆಂಬರ್ ಚೇಷ್ಟೆ ಹೊಸತೇನೂ ಅಲ್ಲ. ಧನುಷ್ಕೋಡಿಯನ್ನು ನುಂಗಿದ ಚಂಡಮಾರುತ ಅಪ್ಪಳಿಸಿದ್ದು 1964ರ ಡಿಸೆಂಬರ್ 22-23ರ ರಾತ್ರಿ. ಕಡಲೂರು, ಪುದುಚೇರಿಗಳನ್ನು ಥಾನೆ ಚಂಡಮಾರುತ ಬಡಿದದ್ದು 2011ರ ಡಿಸೆಂಬರ್ 30ರ ಬೆಳಿಗ್ಗೆ. ಪೂರ್ವ ಕರಾವಳಿಯವರಿಗೆ ಅದು ಪ್ರಾಣದ ಪ್ರಶ್ನೆ. ನಾಲ್ಕಾರು ನೂರು ಕಿಲೋಮೀಟರ್ ದೂರದ ನಮಗೆ ತಲುಪುವುದು ಅದರ ಸೆರಗು ಮಾತ್ರ: ಮೂಡಣ ಗಾಳಿ ಹೊತ್ತು ತರುವ ತೇವ, ಆಕಾಶದ ತುಂಬ ಬೂದಿಬಣ್ಣದ ಹೊದಿಕೆ.

ಹೊದಿಕೆ ಎಂಬ ಮಾತನ್ನು ನಾವು ಅಲಂಕಾರಕ್ಕಾಗಿ ಬಳಸಿದುದಲ್ಲ. ರಾತ್ರಿ ಭೂಮಿಯಿಂದ ಮೇಲೇಳುವ ಶಾಖವನ್ನು ಮೋಡ ಹೀರಿ ಮರಳಿ ಕೆಳಕ್ಕೆ ಕಳುಹಿಸುತ್ತದೆ; ಆದುದರಿಂದ ಮೋಡದ ರಾತ್ರಿ ಬೆಚ್ಚಗಿರುತ್ತದೆ, ಇಬ್ಬನಿಯೂ ಬೀಳುವುದಿಲ್ಲ. ಹಗಲಿನಲ್ಲಿ ಅದೇ ಮೋಡ ಬಿಸಿಲನ್ನು ತಡೆಯುವುದರಿಂದ ಮಧ್ಯಾಹ್ನವೂ ತಂಪು. ಹಗಲು ರಾತ್ರಿಗಳ ಅಂತರ ಕುಗ್ಗಿ, ದಿನವೆಲ್ಲ ಒಂದೇ ಹದ. ಸ್ವೆಟರ್ ಹಾಕಿದರೆ ಸೆಕೆ, ತೆಗೆದರೆ ಸಣ್ಣ ಚಳಿ.

ಇಂತಹ ಹವೆ ಎಲ್ಲರಿಗೂ ಅಪ್ರಿಯವೆಂದಲ್ಲ. ರಜೆಯ ವಾರವಲ್ಲವೇ! ಬೆಂಗಳೂರಿನಿಂದ ಬಂದ ವಾಹನಗಳು ಶೃಂಗೇರಿಯ ದಾರಿಯುದ್ದಕ್ಕೂ ಸಾಲುಗಟ್ಟಿದ್ದವು. ಡಿಸೆಂಬರ್ 26ರ ರಾತ್ರಿ ಮಾಜಿ ಪ್ರಧಾನಿ ಡಾ. ಮನಮೋಹನ ಸಿಂಗ್ ಅವರು ನಿಧನರಾದುದರಿಂದ ಮರುದಿನ ಶುಕ್ರವಾರವೂ ರಾಜ್ಯದಲ್ಲಿ ರಜೆ ಘೋಷಣೆಯಾಗಿ, ಬಂದವರು ಇನ್ನೆರಡು ದಿನ ಉಳಿದರು. 29ನೆಯ ತಾರೀಕು ರಾಷ್ಟ್ರಕವಿ ಕುವೆಂಪು ಅವರ ಜನ್ಮದಿನ. 1904ರಲ್ಲಿ ಅವರು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಎಂಬುದನ್ನು ಅರಿತ ಕೆಲವರು ಆ ಕಡೆಗೂ ಹೋದರು. ನಮ್ಮದೇ ಧರ್ಮಕೇಂದ್ರದಲ್ಲಿ ಹೋಂಸ್ಟೇ ನಡೆಸುವ ಕುಟುಂಬವೊಂದರ ಹಿರಿಯರು ಬಲಿಪೂಜೆಯ ನಂತರ ಸಿಕ್ಕಿ, “ಅತಿಥಿಗಳಿಗೆ ಈ ಹವೆ ಬಹಳ ಹಿಡಿಸಿದೆ ಫಾದರ್, ಇದು ಹೀಗೆಯೇ ಹೊಸವರ್ಷದವರೆಗೆ ಇರಲಿ” ಎಂದರು. ಅವರ ಹಿಂದೆಯೇ ನಿಂತಿದ್ದ ಕಾಫಿ ಬೆಳೆಗಾರರೊಬ್ಬರ ಮುಖವನ್ನು ನಾವು ನೋಡಿದೆವು. ಅವರೇನೂ ಮಾತನಾಡಲಿಲ್ಲ.

ಮಾತನಾಡದಿರಲು ಕಾರಣವಿತ್ತು. ಅರೇಬಿಕಾ ಕಾಫಿಯ ಕೊಯ್ಲು ನಡೆಯುವುದೇ ನವೆಂಬರಿನಿಂದ ಜನವರಿಯವರೆಗೆ. ಕೊಯ್ದ ಹಣ್ಣನ್ನು ಹಾಗೆಯೇ ಒಣಗಿಸಿದರೆ ಚೆರಿ, ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದು ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಒಳ್ಳೆಯ ಬಿಸಿಲಿದ್ದರೆ ಚೆರಿ ಒಣಗಲು ಹನ್ನೆರಡರಿಂದ ಹದಿನೈದು ದಿನ ಬೇಕು. ತೇವಾಂಶ ಶೇಕಡಾ ಹತ್ತು ಹನ್ನೊಂದಕ್ಕೆ ಇಳಿಯಬೇಕು. ಮುಷ್ಟಿ ತುಂಬ ಹಿಡಿದು ಅಲುಗಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು. ಮೋಡ ಕವಿದು ಕುಳಿತರೆ ಆ ಹದಿನೈದು ದಿನ ಇಪ್ಪತ್ತಾಗಬಹುದು, ಅದಕ್ಕೂ ಮೀರಬಹುದು. ಅಷ್ಟರಲ್ಲಿ ರಾಶಿಯೊಳಗೆ ಬಿಸಿಯೇರಿ ಹುಳಿ ವಾಸನೆ ಹುಟ್ಟುತ್ತದೆ, ಬೂಸ್ಟು ಹಿಡಿಯುತ್ತದೆ. ಬಾಳೆಹೊನ್ನೂರಿನ ಸಮೀಪ 1925ರಲ್ಲಿ ಪ್ರಾಯೋಗಿಕ ಕೇಂದ್ರವಾಗಿ ಆರಂಭವಾದ ಕಾಫಿ ಸಂಶೋಧನಾ ಸಂಸ್ಥೆ ನಮ್ಮ ನೆರೆಯಲ್ಲೇ ಇದೆ. ಎಷ್ಟು ದಪ್ಪ ಹರಡಬೇಕು, ದಿನಕ್ಕೆ ಎಷ್ಟು ಸಲ ಕೈಯಾಡಿಸಬೇಕು ಎಂಬುದನ್ನೆಲ್ಲ ತಿಳಿದವರು ಹೇಳಿಕೊಟ್ಟಿದ್ದಾರೆ. ಬಿಸಿಲನ್ನು ಮಾತ್ರ ಯಾವ ಸಂಸ್ಥೆಯೂ ಸರಬರಾಜು ಮಾಡಲಾರದು. ದೊಡ್ಡ ತೋಟಗಳಲ್ಲಿ ಯಂತ್ರದ ಡ್ರೈಯರ್ ಉಂಟು. ಎರಡು ಮೂರು ಎಕರೆಯವರಿಗೆ ಮನೆಯ ಮುಂದಿನ ಕಣವೇ ಗತಿ.

ಅಡಿಕೆಯವರ ಕಷ್ಟವೂ ಇದೇ. ಸುಲಿದು, ಚೊಗರಿನಲ್ಲಿ ಬೇಯಿಸಿ, ಚಪ್ಪರದ ಮೇಲೆ ಹರಡಿದ ಅಡಿಕೆಗೆ ಮೊದಲ ಎರಡು ಮೂರು ದಿನದ ಬಿಸಿಲು ತಪ್ಪಿದರೆ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟರೆ ದರ ಬಿತ್ತು. ಶೃಂಗೇರಿ ಕೊಪ್ಪಗಳ ತೋಟಗಳು ಹಳದಿ ಎಲೆ ರೋಗದಿಂದ ದಶಕಗಳಿಂದ ಬಳಲಿ, ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗಕ್ಕೂ ತುತ್ತಾಗಿವೆ. ಇದ್ದುದರಲ್ಲಿ ಉಳಿದದ್ದನ್ನು ಕೊಯ್ದು ತಂದವನಿಗೆ ಅದು ಚಪ್ಪರದ ಮೇಲೆಯೇ ಕೆಡುವುದನ್ನು ನೋಡುವ ಶಿಕ್ಷೆ ಬೇರೆ.

ಇನ್ನೊಂದು ಸಂಗತಿಯೂ ಆ ವರ್ಷ ಸೇರಿಕೊಂಡಿತ್ತು. 1977ರಲ್ಲಿ ಏರಿದ್ದ ಅರೇಬಿಕಾದ ವಿಶ್ವ ಮಾರುಕಟ್ಟೆ ದರದ ದಾಖಲೆ 2024ರ ಡಿಸೆಂಬರಿನಲ್ಲಿ ಮುರಿದುಬಿತ್ತು. ಬೆಲೆ ಏರಿದರೆ ಸಂತೋಷವೇ ಸರಿ. ಆದರೆ ಬೆಲೆ ಏರಿದ ವಸ್ತು ಬಯಲಿನಲ್ಲಿ ಬಿದ್ದಿರುವಾಗ ಮೇಲಿನಿಂದ ಮಳೆಯ ಭಯ, ಪಕ್ಕದಿಂದ ಕಳ್ಳನ ಭಯ. ರಾತ್ರಿ ಕಣವನ್ನು ಕಾಯದೆ ಮಲಗುವವರೇ ಇರಲಿಲ್ಲ.

ಆಗಮನ ಕಾಲದ ನಾಲ್ಕನೆಯ ಭಾನುವಾರ, ಎಂದರೆ ಡಿಸೆಂಬರ್ 22ರಂದು, ಕೆಲವರು ಸಕ್ರಿಸ್ತಿಗೆ ಬಂದು ಒಳ್ಳೆಯ ಹವೆಗಾಗಿ ಪ್ರಾರ್ಥನೆ ಸೇರಿಸಬೇಕೆಂದು ಕೇಳಿಕೊಂಡರು. ನಾವು ಸಂತೋಷದಿಂದ ಒಪ್ಪಿದೆವು. ರೋಮನ್ ಪೂಜಾಗ್ರಂಥದಲ್ಲಿ ಮಳೆಗಾಗಿ ಒಂದು ಪ್ರಾರ್ಥನೆಯಿರುವಂತೆ ನಿರ್ಮಲ ಆಕಾಶಕ್ಕಾಗಿಯೂ ಒಂದಿದೆ. ಗುರುಮಠದಲ್ಲಿ ತತ್ವಶಾಸ್ತ್ರ ಓದುತ್ತಿದ್ದ ಕಾಲದಲ್ಲಿ ಇಂತಹ ಪ್ರಾರ್ಥನೆಗಳನ್ನು ಕಂಡು ನಾವು ಒಳಗೊಳಗೇ ನಗುತ್ತಿದ್ದೆವು: ವಾಯುಭಾರದ ನಿಯಮಗಳನ್ನು ನಿರ್ಮಿಸಿದ ದೇವರು ನಮ್ಮೂರಿನ ಕಣಕ್ಕಾಗಿ ಅವನ್ನು ತಿದ್ದುವನೇ? ಹೋಂಸ್ಟೇಯವರು ಮೋಡವನ್ನೂ ಬೆಳೆಗಾರರು ಬಿಸಿಲನ್ನೂ ಬೇಡಿದರೆ ಆತನು ಯಾರ ಪಕ್ಷ? ಪ್ರಾರ್ಥನೆಯಿಂದ ದೇವರಿಗೆ ಗೊತ್ತಿಲ್ಲದ್ದನ್ನು ನಾವು ತಿಳಿಸುವುದಿಲ್ಲ, ಪಡೆಯಲು ನಮ್ಮ ಹೃದಯವೇ ವಿಸ್ತಾರಗೊಳ್ಳುತ್ತದೆ ಎಂಬ ಅರ್ಥದಲ್ಲಿ ಸಂತ ಅಗಸ್ಟೀನರು ಪ್ರೋಬಾ ಎಂಬ ವಿಧವೆಗೆ ಬರೆದ ಪತ್ರದಲ್ಲಿ ವಿವರಿಸಿದ್ದಾರೆ. ಮೂವತ್ತು ವರ್ಷ ಹಳ್ಳಿಗಳಲ್ಲಿ ಗುರುವಾಗಿ ದುಡಿದ ಮೇಲೆ ಆ ಪತ್ರ ನಮಗೆ ಸ್ವಲ್ಪ ಅರ್ಥವಾಗಿದೆ. ಪ್ರವಾದಿ ಎಲೀಯನು ಸೇವಕನನ್ನು ಏಳು ಬಾರಿ ಕಡಲ ಕಡೆಗೆ ನೋಡಲು ಕಳುಹಿಸಿದಾಗ ಕೊನೆಗೆ ಕಂಡದ್ದು ಅಂಗೈಯಷ್ಟು ಮೋಡ. ಬರಗಾಲದ ಆತನಿಗೆ ಅದೇ ಉತ್ತರ. ನಮಗೆ ಅದೇ ಮೋಡ ಪ್ರಶ್ನೆಯಾಗಿತ್ತು, ಅಷ್ಟೆ.

24ರ ರಾತ್ರಿ ಹತ್ತೂವರೆಗೆ ಗೀತೆಗಳು, ಹನ್ನೊಂದಕ್ಕೆ ಬಲಿಪೂಜೆ. ದೇವಾಲಯ ತುಂಬಿತ್ತು. ಅದೇ ಸಂಜೆ ರೋಮಿನಲ್ಲಿ ಪೋಪ್ ಫ್ರಾನ್ಸಿಸರು ಸಂತ ಪೇತ್ರರ ಮಹಾದೇವಾಲಯದ ಪವಿತ್ರ ದ್ವಾರವನ್ನು ತೆರೆದು 2025ರ ಜೂಬಿಲಿ ವರ್ಷವನ್ನು ಆರಂಭಿಸುವವರಿದ್ದರು. ಪ್ರಬೋಧನೆಯಲ್ಲಿ ಅದನ್ನೇ ಹೇಳಬೇಕೆಂದು ಸಿದ್ಧವಾಗಿದ್ದೆವು. ಮಹಿಮಾ ಗೀತೆ ಮುಗಿದು ಎಲ್ಲರೂ ಕುಳಿತುಕೊಳ್ಳುವ ಹೊತ್ತಿಗೆ ತಗಡಿನ ಮಾಡಿನ ಮೇಲೆ ಟಪ್ ಎಂದಿತು. ಮತ್ತೊಂದು. ಮತ್ತೆರಡು. ವಾಚಕಿ ಪ್ರವಾದಿ ಯೆಶಾಯನನ್ನು ಓದುತ್ತಿದ್ದಂತೆಯೇ ಅರ್ಧ ದೇವಾಲಯ ತಲೆಯೆತ್ತಿ ಮಾಡನ್ನು ನೋಡಿತು. ಹಿಂದಿನ ಬೆಂಚುಗಳಿಂದ ಗಂಡಸರು ಒಬ್ಬೊಬ್ಬರಾಗಿ ಎದ್ದರು. ನಡುವಿನಿಂದಲೂ ಕೆಲವರು. ಹೊರಗೆ ಬೈಕುಗಳು, ಒಂದು ಜೀಪು ಚಾಲೂ ಆದ ಸದ್ದು. ಶುಭಸಂದೇಶ ಓದುವ ಹೊತ್ತಿಗೆ ಬಲಗಡೆಯ ಸಾಲುಗಳಲ್ಲಿ ಹಲ್ಲುದುರಿದ ಬಾಯಿಯಂತೆ ಖಾಲಿ ಜಾಗಗಳು.

ನಮಗೆ ಸಿಟ್ಟು ಬಂತು ಎಂದು ಒಪ್ಪಿಕೊಳ್ಳಬೇಕು. ಜೂಬಿಲಿಯ ಮಾತನ್ನು ಬದಿಗಿಟ್ಟು, ವರ್ಷಕ್ಕೊಂದು ರಾತ್ರಿಯನ್ನಾದರೂ ಪ್ರಭುವಿಗೆ ಕೊಡಲಾಗದೇ, ಕಾಫಿ ಚೀಲವೇ ನಿಮ್ಮ ಗೋದಲಿಯೇ ಎಂಬಂತಹ ಒಂದೆರಡು ಮಾತುಗಳನ್ನು ಆಡಿದೆವು. ಉಳಿದವರು ತಲೆ ತಗ್ಗಿಸಿ ಕೇಳಿದರು. ಹೋಗಿದ್ದವರಿಗಂತೂ ಅದು ಕೇಳಿಸುವಂತಿರಲಿಲ್ಲ. ಪ್ರಬೋಧನೆಯ ಬೈಗುಳ ಸದಾ ತಪ್ಪು ವಿಳಾಸಕ್ಕೆ ತಲುಪುವುದೇ ರೂಢಿ. ಬಲಿಪೂಜೆ ಮುಗಿದು ಹೊರಗೆ ಬಂದು ನೋಡಿದರೆ ಅಂಗಳದ ಮಣ್ಣು ಒಣಗಿಯೇ ಇತ್ತು. ನಾಲ್ಕು ಹನಿ ಬಿದ್ದು ನಿಂತಿತ್ತು. ಗಾಳಿಯಿಲ್ಲ, ನಕ್ಷತ್ರಗಳಿಲ್ಲ, ನಕ್ಷತ್ರವಿದ್ದದ್ದು ಕಾಗದದ್ದು ಮಾತ್ರ, ಮಾವಿನ ಕೊಂಬೆಗೆ ತೂಗುಬಿಟ್ಟದ್ದು. ವಯಸ್ಸಾದ ತಾಯಿಯೊಬ್ಬರು ಹತ್ತಿರ ಬಂದು, ಕ್ರಿಸ್ಮಸ್ ಶುಭಾಶಯ ಹೇಳಿ, ಕುಸ್ವಾರಿನ ಪೊಟ್ಟಣವನ್ನು ನಮ್ಮ ಕೈಗಿತ್ತು, “ಹುಡುಗರನ್ನು ಬೈಯಬೇಡಿ ಫಾದರ್. ನೀವು ಮೊದಲೇ ಹೋಗಿಬನ್ನಿ ಅಂದಿದ್ದರೆ ಅವರು ಹೆದರದೆ ಹೋಗುತ್ತಿದ್ದರು” ಎಂದರು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಓದಿದ್ದನ್ನೆಲ್ಲ ಒಂದೊಂದಾಗಿ ನೆನೆದೆವು. ಭಾನುವಾರದ ವಿರಾಮವನ್ನು ಮೊದಲಬಾರಿಗೆ ರಾಜಾಜ್ಞೆಯಾಗಿಸಿದವನು ಚಕ್ರವರ್ತಿ ಕಾನ್‌ಸ್ಟಂಟೈನ್, ಕ್ರಿ.ಶ. 321ರಲ್ಲಿ. ನಗರವಾಸಿಗಳೂ ನ್ಯಾಯಾಧೀಶರೂ ಕುಶಲಕರ್ಮಿಗಳೂ ಆ ದಿನ ಕೆಲಸ ನಿಲ್ಲಿಸಬೇಕೆಂದ ಆ ಆಜ್ಞೆ ರೈತರನ್ನು ಮಾತ್ರ ಬಿಟ್ಟುಕೊಟ್ಟಿತು. ಬಿತ್ತನೆಗೆ ಒದಗಿಬಂದ ಒಳ್ಳೆಯ ದಿನ ಕೈತಪ್ಪಿದರೆ ಮತ್ತೆ ಬಾರದೆಂಬುದೇ ಅದಕ್ಕೆ ಕೊಟ್ಟ ಕಾರಣ. ಅಂದರೆ ವಿರಾಮದ ಕಾನೂನು ಹುಟ್ಟಿದ ದಿನವೇ ಹವೆಗೆ ಅದರಲ್ಲೊಂದು ಬಾಗಿಲು ಇಡಲಾಗಿತ್ತು. ಸಂತ ತೋಮಸ್ ಅಕ್ವಿನಾಸರೂ, ಎದುರಿಗೆ ಬಂದ ನಷ್ಟವನ್ನು ತಪ್ಪಿಸಲು ಮಾಡುವ ದೈಹಿಕ ಶ್ರಮ ವಿಶ್ರಾಂತಿ ದಿನವನ್ನು ಭಂಗಗೊಳಿಸುವುದಿಲ್ಲವೆಂದು ಬರೆದಿದ್ದಾರೆ. ಬಾವಿಗೆ ಬಿದ್ದ ಪ್ರಾಣಿಯನ್ನು ಸಬ್ಬತ್ ದಿನ ಮೇಲೆತ್ತದವರು ಯಾರೆಂದು ಪ್ರಭುವೇ ಕೇಳಲಿಲ್ಲವೇ?

ಇವೆಲ್ಲಕ್ಕಿಂತ ನಮಗೆ ಪ್ರಿಯವಾದದ್ದು ಮೀನಿನ ಪ್ರಸಂಗ. ಹನ್ನೆರಡನೆಯ ಶತಮಾನದಲ್ಲಿ ನಾರ್ವೆ ದೇಶದ ಟ್ರಾಂಡ್‌ಹೈಮ್‌ನ ಮಹಾಧರ್ಮಾಧ್ಯಕ್ಷರಿಗೆ ಒಂದು ಸಂಕಟ ಎದುರಾಯಿತು. ಅಲ್ಲಿನ ಬಡಜನರ ಜೀವನ ನಿಂತಿದ್ದುದು ಹೆರಿಂಗ್ ಮೀನಿನ ಮೇಲೆ. ಆ ಮೀನಿನ ಹಿಂಡು ದಡಕ್ಕೆ ಬರುವುದು ತನಗೆ ತೋರಿದ ದಿನ, ಧರ್ಮಸಭೆಯ ಪಂಚಾಂಗ ನೋಡಿ ಅಲ್ಲ. ಭಾನುವಾರ ಬಂದರೆ ಏನು ಮಾಡಬೇಕು? ಪೋಪ್ ಮೂರನೆಯ ಅಲೆಕ್ಸಾಂಡರ್ ಅವರು ಉತ್ತರ ಬರೆದರು: ಭಾನುವಾರವೂ ಇತರ ಹಬ್ಬಗಳಂದೂ ಹಿಡಿಯಬಹುದು, ವರ್ಷದ ಮಹಾಹಬ್ಬಗಳ ಹೊರತು, ಹಿಡಿದದ್ದರಲ್ಲಿ ನೆರೆಯ ದೇವಾಲಯಗಳಿಗೂ ಬಡವರಿಗೂ ಯೋಗ್ಯ ಪಾಲು ಕೊಡಬೇಕು. 1234ರಲ್ಲಿ ಪೋಪ್ ಒಂಬತ್ತನೆಯ ಗ್ರೆಗೊರಿ ಅವರು ಕ್ರೋಡೀಕರಿಸಿದ ಧರ್ಮಸಭಾ ಕಾನೂನಿನಲ್ಲಿ ಈ ಪತ್ರ ಸೇರಿ ಶತಮಾನಗಳ ಕಾಲ ಓದಲ್ಪಟ್ಟಿತು. ನಮ್ಮ ಗುರುಮಠದ ಪ್ರಾಧ್ಯಾಪಕರು ಇದನ್ನು ಬಣ್ಣಿಸಿ ಹೇಳುತ್ತಿದ್ದಾಗ ಮಲೆನಾಡಿನ ಹುಡುಗರಾದ ನಮಗೆ ಹೆರಿಂಗ್ ಎಂದರೆ ಯಾವ ಮೀನೆಂದೇ ಗೊತ್ತಿರಲಿಲ್ಲ, ಬಂಗುಡೆಯ ಅಣ್ಣನಿರಬೇಕೆಂದುಕೊಂಡಿದ್ದೆವು.

ಮಹಾಹಬ್ಬಗಳ ಹೊರತು ಎಂಬ ಮಾತನ್ನು ಓದುಗರು ಗಮನಿಸಿರಬಹುದು. ಕ್ರಿಸ್ಮಸ್ ಮಹಾಹಬ್ಬವಲ್ಲದೆ ಮತ್ತೇನು? ಆ ಪತ್ರದ ಪ್ರಕಾರವೇ ನೋಡಿದರೆ ಎದ್ದು ಹೋದವರ ವಾದ ನಿಲ್ಲುವುದಿಲ್ಲ ಎಂದು ಹೇಳಬಹುದಿತ್ತು. ಆದರೆ ಇಂದಿನ ಧರ್ಮಸಭಾ ಕಾನೂನಿನ 1245ನೆಯ ವಿಧಿ, ನ್ಯಾಯವಾದ ಕಾರಣವಿದ್ದಲ್ಲಿ ಹಬ್ಬದ ದಿನದ ಬಾಧ್ಯತೆಯಿಂದ ವಿನಾಯಿತಿ ಕೊಡುವ ಅಧಿಕಾರವನ್ನು ಧರ್ಮಕೇಂದ್ರದ ಗುರುವಿಗೇ ನೀಡಿದೆ. ಆ ಅಧಿಕಾರ ನಮ್ಮ ಬಳಿಯೇ ಇತ್ತು. ಆಗಮನ ಕಾಲದ ನಾಲ್ಕು ಭಾನುವಾರಗಳಲ್ಲಿ ಒಂದು ದಿನವೂ ನಾವು ಅದನ್ನು ಹೇಳಿರಲಿಲ್ಲ, ಜನ ಕೇಳಿರಲಿಲ್ಲ. ಕೇಳಿದರೆ ಗದರಿಸುವರೆಂದು ಹೆದರಿದ್ದರು. ಗದರಿಸಿದ್ದೆವಲ್ಲ!

ಇಷ್ಟಕ್ಕೇ ಮುಗಿದಿದ್ದರೆ ಈ ಲೇಖನವನ್ನು ಬರೆಯುವ ಅಗತ್ಯವಿರಲಿಲ್ಲ. 26ರಂದು, ಸಂತ ಸ್ತೇಫಾನರ ಹಬ್ಬದ ದಿನ, ಎದ್ದುಹೋದವರ ಮನೆಗಳಿಗೆ ಹೋಗಿ ಬರೋಣವೆಂದು ಹೊರಟೆವು. ಮೋಡ ಹಾಗೆಯೇ ಇತ್ತು. ಬೆಳಕು ಎಲ್ಲಿಂದ ಬರುತ್ತಿದೆಯೆಂದು ಹೇಳಲಾಗದಂತೆ ಇಡೀ ಆಕಾಶ ಒಂದೇ ಬಣ್ಣ. ಮರಗಳಿಗೆ ನೆರಳೇ ಇಲ್ಲ. ಮೂರು ಮನೆ ಮುಗಿಸಿ ನಾಲ್ಕನೆಯ ತೋಟಕ್ಕೆ ಬಂದೆವು. ಸುಮಾರು ದೊಡ್ಡ ತೋಟವೇ. ಆ ಮನೆಯವರು ಅಂದು ರಾತ್ರಿ ಎದ್ದುಹೋದವರಲ್ಲ. ಮುಂದಿನ ಬೆಂಚಿನಲ್ಲಿ ಮಕ್ಕಳು ಮೊಮ್ಮಕ್ಕಳೊಡನೆ ಕೊನೆಯವರೆಗೂ ಭಕ್ತಿಯಿಂದ ಕುಳಿತಿದ್ದವರು. ಮಾಡಿನ ಮೇಲೆ ಹನಿ ಬಿದ್ದಾಗಲೂ ಅವರು ತಲೆಯೆತ್ತಿರಲಿಲ್ಲವೆಂಬುದು ನಮಗೆ ನೆನಪಿತ್ತು. ಅವರ ಶ್ರದ್ಧೆಯನ್ನು ಮೆಚ್ಚಿ ಎರಡು ಮಾತಾಡೋಣವೆಂದೇ ಹೋಗಿದ್ದೆವು.

ಮನೆಯವರು ಪೇಟೆಗೆ ಹೋಗಿದ್ದರು. ಕಣದಲ್ಲಿ ಒಬ್ಬ ಯುವಕನೂ ಅವನ ಹೆಂಡತಿಯೂ ಗೋರುಮಣೆಯಿಂದ ಚೆರಿಯನ್ನು ಹೊರಳಿಸುತ್ತಿದ್ದರು. ಟಾರ್ಪಾಲಿನ ಅಂಚಿನಲ್ಲಿ ಒಂದು ಪುಟ್ಟ ಮಗು. ನಮ್ಮ ನಿಲುವಂಗಿಯನ್ನು ಕಂಡವನೇ ಯುವಕ ಗೋರುಮಣೆಯನ್ನು ಕೆಳಗಿಟ್ಟು, ಕೈಯನ್ನು ಅಂಗಿಗೆ ಒರೆಸಿಕೊಂಡು, ತಲೆಬಾಗಿ ‘ಜೈ ಯೇಸು’ ಎಂದ. ಕೊರಳಲ್ಲಿ ಜಪಸರ. ಜಾರ್ಖಂಡಿನ ಗುಮ್ಲಾ ಜಿಲ್ಲೆಯವರು. ಆ ಸೀಮೆಯಲ್ಲಿ ಆದಿವಾಸಿ ಕಥೋಲಿಕರು ಬಹಳ ಮಂದಿ ಇರುವುದನ್ನು ನಾವು ಓದಿ ಬಲ್ಲೆವು. ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳಗಳಿಂದ ಕೆಲಸಗಾರರು ಮಲೆನಾಡಿನ ತೋಟಗಳಿಗೆ ಬರುತ್ತಿರುವುದೂ ಹೊಸದಲ್ಲ. ಆದರೆ ನಮ್ಮ ದೇವಾಲಯದಿಂದ ಮೂರು ಕಿಲೋಮೀಟರ್ ದೂರದಲ್ಲಿ, ಒಂದು ಲೈನಿನಲ್ಲಿ, ಮೂರು ಕ್ರಿಸ್ಮಸ್‌ಗಳಿಂದ ನಾಲ್ಕು ಕಥೋಲಿಕ ಕುಟುಂಬಗಳು ವಾಸವಾಗಿದ್ದವೆಂಬುದು ನಮಗೆ ಗೊತ್ತಿರಲಿಲ್ಲ. ಅವರ ಹೆಸರು ನಮ್ಮ ಯಾವ ಪುಸ್ತಕದಲ್ಲೂ ಇರಲಿಲ್ಲ.

ಕ್ರಿಸ್ಮಸ್ ಬಲಿಪೂಜೆಗೆ ಏಕೆ ಬರಲಿಲ್ಲವೆಂದು ನಮ್ಮ ಹರಕು ಹಿಂದಿಯಲ್ಲಿ ಕೇಳಿದೆವು. ಅವನು ಅರೆಬರೆ ಕನ್ನಡದಲ್ಲೇ ಉತ್ತರ ಕೊಟ್ಟ. ಆಕಾಶದ ಕಡೆಗೆ ಕೈ ತೋರಿಸಿ, “ಮೋಡ ಫಾದರ್. ಇಲ್ಲಿ ಯಾರಾದರೂ ಇರಬೇಕಲ್ಲ” ಎಂದ. ದೂರಿನ ಧ್ವನಿ ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ಧಣಿಗಳು ಒಳ್ಳೆಯವರೆಂದ, ಹಬ್ಬದ ದಿನ ಎಲ್ಲರಿಗೂ ಬಟ್ಟೆಯನ್ನೂ ಕುಸ್ವಾರನ್ನೂ ಕೊಟ್ಟರೆಂದ. ರಾತ್ರಿ ಹನಿ ಬಿದ್ದಾಗ ನಾಲ್ಕು ಕುಟುಂಬದವರೂ ಎದ್ದು ಹೊದಿಕೆ ಎಳೆದು, ಕಲ್ಲು ಹೇರಿ, ಅಲ್ಲೇ ರಾಶಿಯ ಪಕ್ಕದಲ್ಲಿ ಕುಳಿತು ತಮ್ಮ ಭಾಷೆಯಲ್ಲಿ ಹಾಡು ಹೇಳಿದರಂತೆ. ಅವನ ಹೆಂಡತಿ ಅದನ್ನು ಹೇಳುವಾಗ ನಕ್ಕಳು.

ಮುಂದಿನ ಬೆಂಚಿನ ಶಾಂತಿ ಎಲ್ಲಿಂದ ಬಂದಿತ್ತೆಂಬುದು ನಮಗೆ ಆಗ ಅರ್ಥವಾಯಿತು. ಹನಿ ಬಿದ್ದಾಗ ಎದ್ದುಹೋದವರು ಸಣ್ಣ ಹಿಡುವಳಿಯವರು. ತಮ್ಮ ಕಣವನ್ನು ತಾವೇ ಕಾಯುವವರು. ಏಳದೆ ಕುಳಿತವರ ಕಣದಲ್ಲಿ ಬೇರೆ ಯಾರೋ ಎಚ್ಚರವಿದ್ದರು. ನಾವು ಬೈದದ್ದು ಮೊದಲನೆಯವರನ್ನು, ಮೆಚ್ಚಹೊರಟದ್ದು ಎರಡನೆಯವರನ್ನು.

ಸಬ್ಬತ್ತಿನ ಆಜ್ಞೆಯನ್ನು ಧರ್ಮೋಪದೇಶಕಾಂಡದಲ್ಲಿ ಓದಿದರೆ ಅದು ಕೇವಲ ಯಜಮಾನನನ್ನು ಉದ್ದೇಶಿಸಿದ್ದಲ್ಲವೆಂಬುದು ಸ್ಪಷ್ಟ. ಮಗ, ಮಗಳು, ಆಳು, ದಾಸಿ, ಎತ್ತು, ಕತ್ತೆ, ಊರಿಗೆ ಬಂದ ಪರದೇಶಿ ಎಲ್ಲರನ್ನೂ ಅದು ಹೆಸರಿಸುತ್ತದೆ. ಆಳಿಗೂ ನಿನ್ನಂತೆಯೇ ವಿರಾಮವಿರಲಿ, ನೀನೂ ಒಮ್ಮೆ ಈಜಿಪ್ಟಿನಲ್ಲಿ ಆಳಾಗಿದ್ದವನೆಂಬುದನ್ನು ಮರೆಯಬೇಡ ಎಂಬ ಕಾರಣವನ್ನೂ ಜೊತೆಗೇ ಕೊಡುತ್ತದೆ. ಈ ಕಾರಣ ನಮ್ಮವರಿಗೆ ಪರಕೀಯವೇ? ನಮ್ಮ ಧರ್ಮಕೇಂದ್ರಗಳ ಚರಿತ್ರೆಯನ್ನು ತಿರುವಿ ನೋಡಿ. ಕೊಂಕಣಿ ಮಾತನಾಡುವ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಕರಾವಳಿಯಿಂದ ಘಟ್ಟ ಹತ್ತಿ ಬಂದದ್ದು ತೋಟಗಳ ಕೂಲಿಗಾಗಿ, ರೈಟರಿಕೆಗಾಗಿ. ತಮಿಳು ಮಾತನಾಡುವವರು ಲೈನುಗಳಲ್ಲೇ ಹುಟ್ಟಿ ಬೆಳೆದರು. ಹಿಂದೆ ಎಡೆಹಳ್ಳಿಯೆನಿಸಿಕೊಂಡಿದ್ದ ನರಸಿಂಹರಾಜಪುರದ ಸುತ್ತ ಕೇರಳದಿಂದ ಬಂದು ಕಾಡು ಕಡಿದು ರಬ್ಬರು, ಮೆಣಸು ನೆಟ್ಟ ಸೀರೋ-ಮಲಬಾರ್ ಕುಟುಂಬಗಳೂ ಬರಿಗೈಯಲ್ಲೇ ಬಂದವು. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತವೂ 2007ರಲ್ಲಿ ಭದ್ರಾವತಿಯ ಸೀರೋ-ಮಲಬಾರ್ ಧರ್ಮಪ್ರಾಂತವೂ ಸ್ಥಾಪಿತವಾದದ್ದು ಹೀಗೆ ಬಂದು ನೆಲೆನಿಂತ ಜನರ ಬೆವರಿನ ಮೇಲೆ. ವಾರಕ್ಕೊಂದು ದಿನದ ವಿರಾಮವನ್ನು 1951ರ ತೋಟ ಕಾರ್ಮಿಕರ ಕಾಯಿದೆ ನಮ್ಮ ಅಜ್ಜಂದಿರಿಗೆ ಒದಗಿಸಿದಾಗ ಅದನ್ನು ಅವರು ಪ್ರಸಾದದಂತೆ ಸ್ವೀಕರಿಸಿದ್ದರು.

ಕ್ರಿಸ್ಮಸಿನ ಶುಭಸಂದೇಶ ಸಂತ ಲೂಕನದು: ಹೊಲದಲ್ಲಿ ಮಂದೆ ಕಾಯುತ್ತಿದ್ದ ಕುರುಬರು, ದೂತನ ಮಾತು, ಅವರು ಅವಸರದಿಂದ ಬೆತ್ಲೆಹೇಮಿಗೆ ಹೋದದ್ದು. ಗುರುವಾದಂದಿನಿಂದ ಪ್ರತಿ ಕ್ರಿಸ್ಮಸಿಗೂ ಇದನ್ನೇ ಓದಿದ್ದೇವೆ. ಕುರುಬರು ಹೋದಾಗ ಕುರಿಗಳ ಬಳಿ ಉಳಿದವರು ಯಾರೆಂಬ ಪ್ರಶ್ನೆ ನಮಗೆ ಒಮ್ಮೆಯೂ ಹೊಳೆದಿರಲಿಲ್ಲ. ಲೂಕನು ಹೇಳುವುದಿಲ್ಲ. ಎಲ್ಲರೂ ಹೋದರೆಂದು ತಿಳಿದು ನಾವು ಗೋದಲಿಯಲ್ಲಿ ಕುರಿಗಳನ್ನೂ ಹೊಡೆದುಕೊಂಡು ಬರುವಂತೆ ಗೊಂಬೆಗಳನ್ನು ಇಡುತ್ತೇವೆ. ಆದರೆ ಕುರಿ ಕಂಡವರಿಗೆ ಗೊತ್ತು, ರಾತ್ರಿಯಲ್ಲಿ ಅವಸರದಿಂದ ಮಂದೆ ನಡೆಸಲಾಗದು. ಯಾರೋ ಒಬ್ಬನು, ಬಹುಶಃ ಅವರಲ್ಲಿ ಅತ್ಯಂತ ಕಿರಿಯನು ಅಥವಾ ಕೂಲಿಗೆ ಬಂದವನು, ಬೆಂಕಿಯ ಬಳಿ ಉಳಿದಿರಬೇಕು. ದೂತನ ಮಾತನ್ನು ಅವನೂ ಕೇಳಿದ್ದನು. ಶಿಶುವನ್ನು ಮಾತ್ರ ನೋಡಲಿಲ್ಲ.

ಇದು ನಮ್ಮ ಊಹೆ. ಯಾವ ವ್ಯಾಖ್ಯಾನಕಾರರ ಮೇಲೂ ಹೊರಿಸುವುದಿಲ್ಲ.

27ರ ಸಂಜೆ ಆ ತೋಟದ ಯಜಮಾನರನ್ನು ಕಂಡು ಮಾತನಾಡಿದೆವು. ಮೊದಲು ಅವರಿಗೆ ಸ್ವಲ್ಪ ನೋವಾಯಿತು. “ನಾನು ತಡೆದಿಲ್ಲ ಫಾದರ್, ಅವರು ಕೇಳಲೇ ಇಲ್ಲ” ಎಂದರು. ಅದು ನಿಜವೇ. ನಮ್ಮಲ್ಲಿಯೂ ಯಾರೂ ಕೇಳಿರಲ್ಲಿಲ್ಲವಲ್ಲ ಎಂದು ನಮ್ಮ ತಪ್ಪನ್ನೂ ಅವರ ಮುಂದೆ ಇಟ್ಟೆವು. ಬಹಳ ಹೊತ್ತು ಕಾಫಿಯ ದರ, ಬೂಸ್ಟು, ಡ್ರೈಯರಿನ ಬೆಲೆ ಎಂದೆಲ್ಲ ಮಾತು ಸುತ್ತಿತು. ಕೊನೆಗೆ ಅವರೇ, “ಭಾನುವಾರ ಲೈನಿನಲ್ಲಿ ಪೂಜೆ ಇಡಿ. ಕಣದಲ್ಲಿ ನಾನೂ ಮಗನೂ ನಿಲ್ಲುತ್ತೇವೆ” ಎಂದರು.

29ರ ಭಾನುವಾರ ಪವಿತ್ರ ಕುಟುಂಬದ ಹಬ್ಬ. ಜಗತ್ತಿನ ಎಲ್ಲ ಧರ್ಮಪ್ರಾಂತಗಳ ಪ್ರಧಾನಾಲಯಗಳಲ್ಲಿ ಜೂಬಿಲಿ ವರ್ಷ ಆರಂಭವಾಗಬೇಕಾದ ದಿನವೂ ಅದೇ. ಸಂಜೆ ನಾಲ್ಕಕ್ಕೆ ನಾವು ಲೈನಿನ ಮುಂದೆ ಮೇಜು ಹಾಕಿಸಿ ಬಲಿಪೂಜೆ ಅರ್ಪಿಸಿದೆವು. ನಾಲ್ಕು ಕುಟುಂಬಗಳಲ್ಲದೆ, ಪಕ್ಕದ ತೋಟದಿಂದಲೂ ಐವರು ಸುದ್ದಿ ತಿಳಿದು ನಡೆದು ಬಂದರು. ಹಾಡುಗಳು ಸಾದ್ರಿಯಲ್ಲಿ, ನಮಗೆ ಒಂದು ಅಕ್ಷರವೂ ಅರ್ಥವಾಗಲಿಲ್ಲ, ರಾಗ ಮಾತ್ರ ಇಂದಿಗೂ ಕಿವಿಯಲ್ಲಿದೆ. ಬಲಿಪೀಠದಿಂದ ಕಣ ಕಾಣುತ್ತಿತ್ತು. ಯಜಮಾನರು ಪಂಚೆಯನ್ನು ಮೇಲಕ್ಕೆ ಕಟ್ಟಿ ಗೋರುಮಣೆ ಹಿಡಿದಿದ್ದರು; ಅವರ ಮಗ, ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯವನು, ಚೆರಿಯನ್ನು ಹೊರಳಿಸುವುದಕ್ಕಿಂತ ಹೆಚ್ಚಾಗಿ ಕಣದಿಂದಾಚೆ ಚೆಲ್ಲುತ್ತಿದ್ದನು. ಮಗುವಿನ ತಾಯಿ ಅದನ್ನು ನೋಡಲಾರದೆ ಎರಡು ಬಾರಿ ಎದ್ದು ನಿಂತಳು, ಗಂಡ ಕೂರಿಸಿದ.

ಆ ದಿನ ಒಟ್ಟು ಹತ್ತೊಂಬತ್ತು ಹೆಸರುಗಳನ್ನು ನಮ್ಮ ಪುಸ್ತಕಕ್ಕೆ ಬರೆದುಕೊಂಡೆವು. ಅವರಲ್ಲಿ ಇಬ್ಬರು ಮಕ್ಕಳಿಗೆ ದೀಕ್ಷಾಸ್ನಾನವೇ ಆಗಿರಲಿಲ್ಲ. ಅದು ಮುಂದೆ ಪಾಸ್ಕದಲ್ಲಿ ನೆರವೇರಿತು.

ಆ ನಂತರ ನಮ್ಮ ಧರ್ಮಕೇಂದ್ರದಲ್ಲಿ, ಮೋಡವಿರಲಿ ಬಿಸಿಲಿರಲಿ, ಡಿಸೆಂಬರ್ 25ರ ಸಂಜೆ ನಾಲ್ಕು ಗಂಟೆಗೆ ಎರಡನೆಯ ಬಲಿಪೂಜೆಯೊಂದು ನಿಗದಿಯಾಗಿದೆ. ರಾತ್ರಿ ಕಣ ಕಾದವರು ಹಗಲು ಬರಲಿ, ಹಗಲು ನಿಲ್ಲುವವರು ರಾತ್ರಿಯೇ ಬಂದು ಹೋಗಲಿ ಎಂಬ ಏರ್ಪಾಡು. ರಾತ್ರಿಯ ಬಲಿಪೂಜೆಯಲ್ಲಿ ಹನಿಯ ಸದ್ದು ಕೇಳಿ ಏಳಬೇಕಾದವರು ಹಿಂದಿನ ಬಾಗಿಲಿನ ಪಕ್ಕದ ಬೆಂಚುಗಳಲ್ಲಿ ಕುಳಿತುಕೊಳ್ಳಬಹುದು; ಅವರಿಗೆ ವಿನಾಯಿತಿಯನ್ನು ಆಗಮನ ಕಾಲದ ಮೊದಲ ಭಾನುವಾರವೇ ಘೋಷಿಸಲಾಗುವುದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ನೆರೆಯ ಗುರುಗಳಲ್ಲೂ ನಮ್ಮ ವಿನಂತಿಯೊಂದಿದೆ: ತಮ್ಮ ಸರಹದ್ದಿನ ಲೈನುಗಳನ್ನು ಕೊಯ್ಲಿನ ಕಾಲದಲ್ಲಿ ಒಮ್ಮೆ ಸುತ್ತಿ ಬರಬೇಕು. ನಾಲ್ಕು ಗಂಟೆಯ ಬಲಿಪೂಜೆಗೆ ದೂರದ ತೋಟಗಳಿಂದ ಬರುವವರು ಎಷ್ಟು ಮಂದಿ ಎಂಬುದನ್ನು ಮೇಸ್ತ್ರಿಗಳ ಮೂಲಕ ಮುಂಚಿತವಾಗಿ ತಿಳಿಸಿದರೆ ಜೀಪಿನ ವ್ಯವಸ್ಥೆ ಮಾಡಲು ಅನುಕೂಲವಾಗುತ್ತದೆ. ಟಾರ್ಪಾಲುಗಳು ಸಾಲದಿದ್ದವರಿಗೆ ದೇವಾಲಯದ ಹಬ್ಬದ ಪೆಂಡಾಲಿನವು ಆರು ಇವೆ. ಒಯ್ದವರು ಒಣಗಿಸಿ ಮರಳಿಸಬೇಕು.